ಚೇಳಿನ ಕೊಂಡಿಯ ಮಾತು

ಚಿತ್ರಕಥೆಗೆ ರಾಜಕೀಯ ಯಾಕೆ ಬೇಕು ಎಂದು ಕೇಳುವವರು ನಮ್ಮಲ್ಲಿ ಬಹಳ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ ಓದಿ ಬೆಳೆದವರು ನಾವು. ಅಲ್ಲಿ ಚೌಕಟ್ಟು ನೇರ, ನಾಯಕ ಯಾರೆಂಬ ಅನುಮಾನವೇ ಇಲ್ಲ. ಆ ಅಭ್ಯಾಸವನ್ನು ಕೆಡಿಸುವ ಪುಸ್ತಕ ‘ಭೀಮಾಯಣ’. 2011ರಲ್ಲಿ ನವಯಾನ ಪ್ರಕಾಶನ ಇಂಗ್ಲಿಷಿನಲ್ಲಿ ತಂದ ಇದಕ್ಕೆ ಕಥೆ ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಚಿತ್ರ ಬರೆದವರು ಗೊಂಡ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್.

ಈ ದಂಪತಿ ಚೌಕಟ್ಟಿನ ಕಟ್ಟನ್ನೇ ಒಪ್ಪಲಿಲ್ಲ. ಗೊಂಡರು ಮನೆಯ ಗೋಡೆ, ನೆಲದ ಮೇಲೆ ಬರೆಯುವ ‘ದಿಗ್ನಾ’ ವಿನ್ಯಾಸ ಇಲ್ಲಿ ಪುಟದ ತುಂಬ ಹರಿಯುತ್ತದೆ. ಮೃದುವಾದ ಮಾತಿಗೆ ಹಕ್ಕಿಯಾಕಾರದ ಗುಳ್ಳೆ, ವಿಷದ ಮಾತಿಗೆ ಚೇಳಿನ ಕೊಂಡಿ. ಯಾರು ಕೆಟ್ಟವರೆಂದು ಪುಸ್ತಕ ಹೇಳಬೇಕಾಗಿಯೇ ಇಲ್ಲ. ಓದುವ ಮೊದಲೇ ಮಾತು ಚುಚ್ಚುತ್ತದೆ.

ವಾಕಡದಿಂದ ರಾತ್ರಿ ಬಸ್ಸಿಗೆ ಬೆಳಗಾವಿ, ಹುಬ್ಬಳ್ಳಿಗೆ ಹೋಗುವಾಗ ನಾವು ನಿದ್ದೆಯಲ್ಲೇ ಸಾತಾರಾ ದಾಟುತ್ತೇವೆ. 1901ರಲ್ಲಿ ಅದೇ ಸಾತಾರಾದಿಂದ ತಂದೆಯನ್ನು ನೋಡಲು ಹೊರಟ ಬಾಲಕ ಭೀಮರಾವ್‌ಗೆ ದಾರಿಯಲ್ಲಿ ಬುತ್ತಿಯಿತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಆದರೆ ನಮ್ಮಂಥವರನ್ನು ಹೆಚ್ಚು ತಟ್ಟಬೇಕಾದದ್ದು ಬರೋಡಾದ ಭಾಗ. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಕೆಲಸವಿತ್ತು, ಬಾಡಿಗೆಗೆ ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಉಳಿದಿದ್ದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಪರಊರು, ಒಳ್ಳೆಯ ಡಿಗ್ರಿ, ಕೈಯಲ್ಲಿ ನೌಕರಿ: ವಲಸಿಗನ ಕಥೆಯೇ ಇದು. ಫ್ಲ್ಯಾಟ್ ಹುಡುಕುವಾಗ ಮಾಲೀಕರು ಅಡ್ಡಹೆಸರು ಕೇಳಿದರೆ, ನಮ್ಮಲ್ಲಿ ಕೆಲವರು ಸಲೀಸಾಗಿ ಹೇಳುತ್ತೇವೆ. ಕೆಲವರು ಉಗುಳು ನುಂಗುತ್ತಾರೆ.

ಪುಸ್ತಕಕ್ಕೆ ಕೊರತೆಯೂ ಇದೆ. ಇಂದಿನ ಬಸ್ ನಿಲ್ದಾಣವೊಂದರಲ್ಲಿ ಮೀಸಲಾತಿಯನ್ನು ದೂರುವವನಿಗೆ ಮಹಿಳೆಯೊಬ್ಬಳು ಈ ಕಥೆಗಳನ್ನು ಹೇಳುತ್ತಾಳೆ. ಅವಳ ಮಾತು ಅಲ್ಲಲ್ಲಿ ಪಾಠವಾಗುತ್ತದೆ. ಚಿತ್ರ ಆಗಲೇ ಹೇಳಿದ್ದನ್ನು ಮತ್ತೆ ವಿವರಿಸುತ್ತದೆ. ಆದರೂ ಆ ದೂರುವವನನ್ನು ತೆಗೆದುಹಾಕಿದ್ದರೆ ಪುಸ್ತಕ ಬಡವಾಗುತ್ತಿತ್ತು. ಅವನ ಮಾತನ್ನು ಹಿಂಜವಡಿಯ ಕ್ಯಾಂಟೀನುಗಳಲ್ಲಿ ನಾವು ಕೇಳಿಯೇ ಇದ್ದೇವೆ, ಕನ್ನಡದಲ್ಲೂ.

ದೊಡ್ಡವರ ಚಿತ್ರಕಥೆ ಕೆರಳಿಸುವುದು ಬೈಗುಳದಿಂದಲ್ಲ. ನಮ್ಮ ದಿನನಿತ್ಯದ ಸಭ್ಯ ಮಾತಿಗೂ ಒಂದು ಆಕಾರವಿದೆ ಎಂದು ಅದು ತೋರಿಸುತ್ತದೆ. ನಾಳೆ ಲಿಫ್ಟಿನಲ್ಲಿ ನಮ್ಮ ಬಾಯಿಂದ ಹೊರಡುವ ಗುಳ್ಳೆಗೆ ರೆಕ್ಕೆಯಿದೆಯೋ ಕೊಂಡಿಯಿದೆಯೋ, ಪಕ್ಕದಲ್ಲಿ ನಿಂತವರನ್ನು ಕೇಳಬೇಕು.