ಪೆಟ್ಟಿಗೆಯಲ್ಲಿ ಬಂದ ಬಚ್ಚಲುಮನೆ

ಜಪಾನಿನಲ್ಲಿ ಹಳೆಯ ಮನೆ ರಿಪೇರಿಗೆ ಇಳಿದವರು ಸ್ನಾನದ ಮನೆಯ ಟೈಲ್ಸು, ಗಾರೆಯನ್ನೆಲ್ಲ ಕಿತ್ತು, ಆ ಜಾಗದಲ್ಲಿ ಕಾರ್ಖಾನೆಯಲ್ಲಿ ತಯಾರಾದ ‘ಯೂನಿಟ್ ಬಾತ್’ ಕೂರಿಸುವುದು ಈಗ ಮಾಮೂಲು. ನೆಲ, ತೊಟ್ಟಿ, ಗೋಡೆ, ಚಾವಣಿ, ಬಾಗಿಲು ಎಲ್ಲವೂ ಬಿಡಿಬಿಡಿಯಾಗಿ ಬಂದು ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೋಣೆಯಾಗಿ ನಿಲ್ಲುತ್ತವೆ. ಹೊಗಳುವವರು ಈ ವೇಗವನ್ನು ಹೊಗಳುತ್ತಾರೆ, ಬೈಯುವವರು ಅದರ ಪ್ಲಾಸ್ಟಿಕ್ ಮುಖವನ್ನು ಬೈಯುತ್ತಾರೆ. ನನಗೆ ಎರಡೂ ಮುಖ್ಯ ಅನ್ನಿಸುವುದಿಲ್ಲ. ಬಚ್ಚಲ ನೀರು ಸೋರಿದರೆ ಯಾರನ್ನು ಕೇಳಬೇಕು ಎನ್ನುವ ಪ್ರಶ್ನೆಗೆ ಅದು ಕೊಟ್ಟ ಉತ್ತರವೇ ಅದರ ನಿಜವಾದ ಸಾಧನೆ.

ಹುಟ್ಟಿದ್ದು ಮಾತ್ರ ಅವಸರದಲ್ಲೇ. 1964ರ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಹೋಟೆಲ್ ನ್ಯೂ ಒಟಾನಿ ಎದ್ದು ನಿಲ್ಲಬೇಕಿತ್ತು. ಹದಿನೇಳು ಅಂತಸ್ತು, ಸಾವಿರಕ್ಕೂ ಹೆಚ್ಚು ಕೋಣೆ. ಕೋಣೆಗೊಂದು ಬಾತ್‌ರೂಮನ್ನು ಸ್ಥಳದಲ್ಲೇ ಗಾರೆ ಹಾಕಿ ಕಟ್ಟುತ್ತಾ ಕೂತರೆ ಕ್ರೀಡಾಕೂಟ ಮುಗಿದರೂ ಹೋಟೆಲು ಮುಗಿಯುತ್ತಿರಲಿಲ್ಲ. ಇಂದು ಟೊಟೊ ಎಂದು ಹೆಸರಾದ ಕಂಪನಿ, ಹಗುರವಾದ ಬಾತ್‌ರೂಮುಗಳನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಿತು. ಅಮೆರಿಕದಲ್ಲಿ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ 1930ರ ದಶಕದಲ್ಲೇ ತಾಮ್ರದ ತಗಡನ್ನು ಅಚ್ಚೊತ್ತಿ ಇಂಥದ್ದೊಂದನ್ನು ಮಾಡಿದ್ದ. ಅದು ಬೆರಳೆಣಿಕೆಯ ಮಾದರಿಗಳಿಗೇ ನಿಂತುಹೋಯಿತು. ಜಪಾನಿನದು ಹೋಟೆಲಿನಿಂದ ಮನೆಗೆ ಇಳಿಯಿತು.

ಹೊಸ ಕಟ್ಟಡದಲ್ಲಿ ಇದನ್ನು ಕೂರಿಸುವುದು ದೊಡ್ಡ ಮಾತಲ್ಲ. ಪರೀಕ್ಷೆ ಇರುವುದು ಹಳೆಯ ಮರದ ಮನೆಯಲ್ಲಿ. ಹಳೆಯ ಬಚ್ಚಲು ಒಡೆದಾಗ ಒಳಗಿನ ಕತೆ ಹೊರಬೀಳುತ್ತದೆ. ಭೂಕಂಪದ ನಡುಕಕ್ಕೆ ಟೈಲ್ಸಿನ ಸಂದು ಬಿರುಕು ಬಿಟ್ಟು, ಅಲ್ಲಿಂದ ಇಳಿದ ನೀರು ಗೋಡೆಗೆ ಆಧಾರವಾದ ಅಡಿತೊಲೆಯನ್ನು ಕೊಳೆಸಿರುತ್ತದೆ. ಅದರ ಹಿಂದೆಯೇ ಗೆದ್ದಲು. ಮೊದಲು ಬಡಗಿ ಆ ಮರ ಬದಲಾಯಿಸಬೇಕು, ಪೈಪು, ವೈರು ಹೊಸದಾಗಬೇಕು, ನೆಲಕ್ಕೆ ಕಾಂಕ್ರೀಟು ಸುರಿದು ಅದು ಗಟ್ಟಿಯಾಗುವವರೆಗೆ ಕಾಯಬೇಕು. ಒಂದು ದಿನದ ಕೆಲಸ ಎಂಬ ಜಾಹೀರಾತಿನ ಮಾತಿನ ಹಿಂದೆ ಹಲವು ದಿನಗಳ ಈ ಕೆಲಸವಿದೆ. ಮನೆಯವರು ಅಷ್ಟು ದಿನ ಸಾರ್ವಜನಿಕ ಸ್ನಾನಗೃಹಕ್ಕೆ ಬಟ್ಟೆ ಹಿಡಿದು ಓಡಾಡಬೇಕು.

ಆಮೇಲೆ ನೋಡುವಂಥದ್ದು ಶುರುವಾಗುತ್ತದೆ. ನಾರುಗಾಜಿನ ಒಂದೇ ಅಚ್ಚಿನ ನೆಲದ ತಟ್ಟೆ, ಅದರಡಿ ಬೋಲ್ಟಿನ ಕಾಲುಗಳು. ಕೆಲಸಗಾರ ಮಟ್ಟಗೋಲು ಇಟ್ಟು ಬೋಲ್ಟು ತಿರುಗಿಸುತ್ತಾ ನಾಲ್ಕು ಮೂಲೆಯನ್ನೂ ಸಮಕ್ಕೆ ತರುತ್ತಾನೆ. ನೀರು ಹರಿಯಬೇಕಾದ ವಾಟ ಅಚ್ಚಿನಲ್ಲೇ ಬಂದಿರುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಕೊಡುವ ಮೇಸ್ತ್ರಿಯ ಒಳ್ಳೆಯ ದಿನ, ಕೆಟ್ಟ ದಿನಗಳ ಪ್ರಶ್ನೆಯೇ ಇಲ್ಲ. ತಟ್ಟೆಯ ಅಂಚು ಮೇಲಕ್ಕೆ ಮಡಚಿಕೊಂಡಿರುತ್ತದೆ, ಗೋಡೆಯ ಹಲಗೆಗಳು ಅದರ ಮೇಲೆ ನಿಲ್ಲುತ್ತವೆ. ಮೈಯಿಂದ ಸಿಡಿದ ನೀರು ಎಲ್ಲಿ ಬಿದ್ದರೂ ಕೊನೆಗೆ ಆ ತಟ್ಟೆಗೇ ಇಳಿಯಬೇಕು. ಬಹಳಷ್ಟು ಮಾದರಿಗಳಲ್ಲಿ ಗೋಡೆಯೊಳಗೆ ಉಕ್ಕಿನ ತಗಡು ಇರುವುದರಿಂದ ಸೋಪಿನ ಗೂಡನ್ನು ಆಯಸ್ಕಾಂತದಿಂದ ಬೇಕೆಂದಲ್ಲಿ ಅಂಟಿಸಬಹುದು. ಮೊಳೆ ಹೊಡೆಯುವಂತಿಲ್ಲ, ಹೊಡೆಯುವ ಅಗತ್ಯವೂ ಇಲ್ಲ. ಇಡೀ ಪೆಟ್ಟಿಗೆ ಮನೆಯ ಗೋಡೆಗಳಿಗೆ ತಾಗದೆ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಚಳಿಗಾಲದಲ್ಲಿ ಟೈಲ್ಸಿನ ಬಚ್ಚಲಿನ ಕೊರೆಯುವ ನೆಲ, ಸುಡುವ ತೊಟ್ಟಿ ನೀರು, ಇವೆರಡರ ನಡುವೆ ವಯಸ್ಸಾದವರು ಕುಸಿದು ಬೀಳುವುದು ಆ ದೇಶದಲ್ಲಿ ದೊಡ್ಡ ಚಿಂತೆ. ಯೂನಿಟ್ ಬಾತ್‌ನ ಬೆಚ್ಚಗಿನ ನೆಲಕ್ಕೆ ಅಲ್ಲಿ ಬೆಲೆ ಬಂದಿರುವುದು ಷೋಕಿಗಲ್ಲ.

ತಕರಾರುಗಳಿಲ್ಲದೆ ಇಲ್ಲ. ಮನೆಗೆ ತಕ್ಕ ಪೆಟ್ಟಿಗೆ ಸಿಗುವುದಿಲ್ಲ, ಪೆಟ್ಟಿಗೆಗೆ ಮನೆ ಬಗ್ಗಬೇಕು. ಅಳತೆಗಳು ಮೊದಲೇ ನಿಗದಿ: 1616 ಎಂದರೆ ಒಳಗೆ 1600 ಮಿಲಿಮೀಟರ್ ಚೌಕ, 1216 ಎಂದರೆ ಒಂದು ಬದಿ 1200. ಜಾಗ ಎರಡು ಅಳತೆಗಳ ನಡುವೆ ಬಂದರೆ ಉಳಿದ ಇಂಚುಗಳು ಗೋಡೆಯ ಹಿಂದೆ ವ್ಯರ್ಥ. ಮೇಲೆ ತೊಲೆ ಅಡ್ಡ ಬಂದರೆ ಪೆಟ್ಟಿಗೆಯ ಮೂಲೆಯನ್ನು ಕಚ್ಚಿ ತೆಗೆದಂತೆ ಕತ್ತರಿಸಿ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು. ತೊಟ್ಟಿಯ ಮುಂಭಾಗದ ಹಲಗೆ ಬಿಚ್ಚಿದರೆ ಹಿಂದೆ ಬೂಷ್ಟು ಕಪ್ಪಗೆ ಕಟ್ಟಿರುತ್ತದೆ. ಎಲ್ಲವೂ ತೊಳೆದಿಟ್ಟಂತೆ ಕಾಣುವ ಕೋಣೆಯ ಬೆನ್ನಿಗೇ ಕೊಳೆ.

ಬೇಕಾದಾಗ ಬದಲಾಯಿಸಬಹುದು ಎಂಬ ಭರವಸೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಟೈಲ್ಸು ಒಡೆದರೆ ಒಂದನ್ನು ಕಿತ್ತು ಇನ್ನೊಂದು ಹಾಕಬಹುದು. ಇಲ್ಲಿ ಮಾದರಿ ಮಾರುಕಟ್ಟೆಯಿಂದ ಹೋದ ಮೇಲೆ ಬಿಡಿಭಾಗ ಸಿಗುವುದು ಕೆಲವು ವರ್ಷ ಮಾತ್ರ. ಆಮೇಲೆ ಒಂದು ಬಾಗಿಲಿಗಾಗಿ ಇಡೀ ಕೋಣೆಯನ್ನೇ ಬದಲಾಯಿಸುವ ಯೋಚನೆ ಬರುತ್ತದೆ. ವಾಸ್ತುಶಿಲ್ಪಿ ಕಿಶೊ ಕುರೊಕಾವಾ 1972ರಲ್ಲಿ ಟೋಕಿಯೊದಲ್ಲಿ ಕಟ್ಟಿದ ನಕಾಗಿನ್ ಗೋಪುರದ 140 ಕ್ಯಾಪ್ಸೂಲುಗಳಲ್ಲೂ ಇಂಥ ಪುಟ್ಟ ಬಾತ್‌ರೂಮುಗಳಿದ್ದವು. ಇಪ್ಪತ್ತೈದು ವರ್ಷಕ್ಕೊಮ್ಮೆ ಕ್ಯಾಪ್ಸೂಲು ಬದಲಿಸಬೇಕು ಎಂಬುದು ಅವರ ಲೆಕ್ಕ. ಬದಲಾಗಲೇ ಇಲ್ಲ, 2022ರಲ್ಲಿ ಗೋಪುರವನ್ನೇ ಬಿಚ್ಚಿದರು.

ಬೆಂಗಳೂರಿನ ಫ್ಲ್ಯಾಟಿಗೆ ಇದನ್ನು ತಂದರೆ? ಆಸೆ ಹುಟ್ಟುವುದು ಸಹಜ. ನಮ್ಮಲ್ಲಿ ಬಚ್ಚಲ ಕೆಳಗಿನ ಸ್ಲ್ಯಾಬನ್ನು ಒಂದಡಿಯೋ ಇನ್ನೂ ಹೆಚ್ಚೋ ತಗ್ಗಿಸಿ, ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸು ಹಾಕುತ್ತಾರೆ. ಸಂದಿನಲ್ಲಿ ಇಳಿದ ನೀರು ಆ ತಗ್ಗಿನಲ್ಲೇ ಕೆರೆಯಾಗಿ ನಿಂತು ಒಂದು ದಿನ ಕೆಳಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಪ್ಲಂಬರು ಟೈಲ್ಸಿನವನನ್ನು ತೋರಿಸುತ್ತಾನೆ, ಟೈಲ್ಸಿನವನು ವಾಟರ್‌ಪ್ರೂಫಿಂಗ್‌ನವನನ್ನು. ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತು ಬಿಡುವುದು ಮಾತ್ರ ಮೇಲಿನ ಮನೆಯವರು ಮತ್ತು ಕೆಳಗಿನವರು. ಅದೇ ತಗ್ಗಿನಲ್ಲಿ ಇಟ್ಟಿಗೆ ಚೂರಿನ ಬದಲು ಬೋಲ್ಟಿನ ಕಾಲುಗಳ ತಟ್ಟೆ ನಿಂತರೆ, ಸೋರಿದಾಗ ಕೇಳಬೇಕಾದದ್ದು ಅದನ್ನು ಮಾಡಿದವರೊಬ್ಬರನ್ನೇ; ಆ ಜಗಳ ಬಹುಮಟ್ಟಿಗೆ ತಪ್ಪೀತು. ಜಪಾನೀಯರು ತೊಟ್ಟಿಯ ಹೊರಗೆ ಕೂತು, ನೆಲಕ್ಕೆ ನೀರು ಹರಿಸಿ ಮೈ ತೊಳೆಯುವವರು. ಒಣನೆಲದ ಯುರೋಪಿನ ಬಾತ್‌ರೂಮಿಗಿಂತ ಅವರ ನೆಲ ನಮ್ಮ ಬಕೆಟ್ಟು-ಚೊಂಬಿನ ಸ್ನಾನಕ್ಕೆ ಹೆಚ್ಚು ಹೊಂದುತ್ತದೆ.

ಹೊಂದದಿರುವುದು ಉಳಿದದ್ದು. ಐದಡಿ ಅಗಲದ ನಮ್ಮ ಬಾತ್‌ರೂಮಿಗೆ 1616 ಹಿಡಿಯುವುದೇ ಇಲ್ಲ. 1216 ಹಿಡಿದರೂ ಅರ್ಧ ಜಾಗ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಕಮೋಡು ಬೇರೆ ಕೋಣೆಯಲ್ಲಿರುತ್ತದೆ, ಇಲ್ಲಿ ಒಳಗೇ ಬೇಕು. ಇನ್ನೂರು ಲೀಟರಿನಷ್ಟು ನೀರು ತುಂಬಿಸಿ, ಒಬ್ಬರಾದ ಮೇಲೊಬ್ಬರು ಮನೆಮಂದಿಯೆಲ್ಲ ಅದೇ ನೀರಿಗೆ ಇಳಿಯುವುದು ಅವರಿಗೆ ಸಹಜ. ಮಡಿ-ಮೈಲಿಗೆ ಬಿಟ್ಟ ಮನೆಯವರೂ ಇಲ್ಲಿ ಅದಕ್ಕೆ ಒಪ್ಪಲಾರರು, ಟ್ಯಾಂಕರ್ ನೀರಿನ ಬಿಲ್ಲಂತೂ ಒಪ್ಪುವುದೇ ಇಲ್ಲ. ಅವರಲ್ಲೇ ‘ಹಾಫ್ ಯೂನಿಟ್’ ಎಂಬ ಇನ್ನೊಂದು ಬಗೆಯಿದೆ: ಕೆಳಗಿನ ನೆಲ, ತೊಟ್ಟಿ ಮಾತ್ರ ಕಾರ್ಖಾನೆಯದು, ಮೇಲಿನ ಗೋಡೆಗೆ ಮರವನ್ನೋ ಟೈಲ್ಸನ್ನೋ ಮನೆಯವರು ತಮ್ಮಿಷ್ಟದಂತೆ ಹಾಕಿಸಿಕೊಳ್ಳಬಹುದು. ನಮಗೆ ಅದರಲ್ಲೂ ತೊಟ್ಟಿ ಬಿಟ್ಟು ತಟ್ಟೆಯಷ್ಟೇ ಸಾಕು: ಐದಡಿಗೆ ಎಂಟಡಿಯದು, ಕಮೋಡಿನ ಪೈಪಿಗೆ ತೂತು ಬಿಟ್ಟು, ವಾಟ ಸಮೇತ ಅಚ್ಚೊತ್ತಿದ್ದು.