ಕ್ರಮಬದ್ಧ ಕೋಶದಲ್ಲಿ ಪದಶೋಧನೆ: ‘ಮ್ಯಾಪ್’ ಕುರಿತು ಒಂದು ವಿಮರ್ಶೆ

ನಿಘಂಟಿನಲ್ಲಿ ಒಂದು ಪದವನ್ನು ಹುಡುಕುವವನು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುವೆ ಎಲ್ಲಿಯೋ ತೆರೆದು, ಬೇಕಾದ ಪದವು ಅಲ್ಲಿಂದ ಹಿಂದಿದೆಯೋ ಮುಂದಿದೆಯೋ ಎಂಬುದನ್ನು ಕಂಡುಕೊಂಡು, ಆ ಕಡೆಗೆ ಸರಿಯುತ್ತಾನೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ‘ಮ್ಯಾಪ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಕೋಶದ ತತ್ತ್ವವೂ ಇದೇ. ಅಲೆಕ್ಸಾಂಡರ್ ಸ್ಟೆಪನಾವ್ ಮತ್ತು ಮೆಂಗ್ ಲೀ ಅವರು ರೂಪಿಸಿದ ಲೈಬ್ರರಿಯಿಂದ ಬಂದು ೧೯೯೮ರ ಪ್ರಮಾಣಗ್ರಂಥದಲ್ಲಿ ನೆಲೆಗೊಂಡ ಈ ಕೋಶವು, ಪ್ರತಿಯೊಂದು ಕೀಲಿಪದಕ್ಕೂ ಒಂದು ಮೌಲ್ಯವನ್ನು ಜೋಡಿಸಿ, ಕೀಲಿಗಳನ್ನು ಸದಾ ಕ್ರಮದಲ್ಲಿ ಇಟ್ಟುಕೊಂಡಿರುತ್ತದೆ. ಹತ್ತು ಲಕ್ಷ ನಮೂದುಗಳಿದ್ದರೂ ಸುಮಾರು ೨೦ ಹೋಲಿಕೆಗಳಲ್ಲಿ, ಸಾಮಾನ್ಯವಾಗಿ ಬಳಕೆಯಲ್ಲಿರುವ ಕೆಂಪು-ಕಪ್ಪು ವೃಕ್ಷದ ತೀರ ಪ್ರತಿಕೂಲವಾದ ಸ್ಥಿತಿಯಲ್ಲಿಯೂ ಸುಮಾರು ೪೦ರಲ್ಲಿ, ಉತ್ತರ ದೊರೆಯುತ್ತದೆ.

ವೇಗದ ಈ ಮಾತನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ವಿಮರ್ಶೆಗೆ ಅರ್ಹವಾದ ವಿಷಯ ಬೇರೊಂದಿದೆ. ಮ್ಯಾಪಿಗೆ ‘ಸಮ’ ಎಂಬ ಸಂಬಂಧವೇ ತಿಳಿಯದು. ‘ಮೊದಲು’ ಎಂಬ ಒಂದೇ ಸಂಬಂಧವನ್ನು ಅದು ಬಲ್ಲುದು. ಎರಡು ಕೀಲಿಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಮೊದಲು ಬಾರದಿದ್ದರೆ ಅವೆರಡೂ ಒಂದೇ ಎಂದು ಅದು ತೀರ್ಮಾನಿಸುತ್ತದೆ. ಆದುದರಿಂದ ಉತ್ತರದ ಸತ್ಯಾಸತ್ಯತೆ ಕೇವಲ ಕ್ರಮದ ಮೇಲೆ ನಿಂತಿದೆ. ಕನ್ನಡ ಪದಗಳನ್ನು ಕೀಲಿಗಳಾಗಿ ಇಟ್ಟು ನೋಡಿದರೆ ಇದರ ಗಾಂಭೀರ್ಯ ಮನದಟ್ಟಾಗುವುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುತ್ತದೆ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿಯಾದರೋ ವಕಾರಕ್ಕಿಂತ ಮೊದಲೇ ಬಂದುಬಿಡುತ್ತದೆ. ಕಲೆ, ಕವಿ, ಕಸ, ಕಹಿ, ಕಳೆ ಎಂದು ಅಕಾರಾದಿಯಾಗಿ ಜೋಡಿಸಿದ ಪಟ್ಟಿಯೊಂದರಲ್ಲಿ, ಸಂಖ್ಯಾಕ್ರಮವನ್ನು ನಂಬಿ ‘ಕಳೆ’ಯನ್ನು ಅರಸೋಣ. ಶೋಧಕನು ನಡುವಿನ ‘ಕಸ’ವನ್ನು ಕಂಡು, ‘ಕಳೆ’ ಅದಕ್ಕಿಂತ ಮೊದಲಿನದೆಂದು ಹಿಂದಕ್ಕೆ ಸರಿದು, ಅಲ್ಲಿ ಕಾಣದೆ, ‘ಇಲ್ಲ’ ಎಂದು ಸಾರುತ್ತಾನೆ. ಪದವು ಪಟ್ಟಿಯ ಕೊನೆಯಲ್ಲಿಯೇ ಇದೆ! ಮ್ಯಾಪ್ ಈ ಅಪಾಯದಿಂದ ಪಾರಾಗಿರುವುದು, ಜೋಡಿಸಿದ ಕ್ರಮದಿಂದಲೇ ಹುಡುಕುವಂತೆ ಕ್ರಮವನ್ನು ತನ್ನೊಳಗೇ ಕಟ್ಟಿಕೊಂಡಿರುವುದರಿಂದ. ಇದು ಅದರ ನಿಜವಾದ ಹಿರಿಮೆ. ಆದರೆ ‘ಕೊಡೆ’ಯ ಒತ್ವವನ್ನು ಒಬ್ಬರು ಒಂದೇ ಚಿಹ್ನೆಯಾಗಿಯೂ ಇನ್ನೊಬ್ಬರು ಎತ್ವ ಊತ್ವಗಳ ಎರಡು ಚಿಹ್ನೆಗಳಾಗಿಯೂ ದಾಖಲಿಸಿದ್ದರೆ, ಕಣ್ಣಿಗೆ ಒಂದೇ ಆದ ಪದವು ಮ್ಯಾಪಿಗೆ ಎರಡಾಗುವುದು. ಒಳಗೆ ಇಡುವ ಮುನ್ನವೂ, ಹುಡುಕುವ ಮುನ್ನವೂ, ಬರಹವನ್ನು ಒಂದೇ ರೂಪಕ್ಕೆ ತರುವ ಹೊಣೆ ಬಳಸುವವನದು.

ಕ್ರಮದ ಫಲವು ಅತ್ಯಂತ ಸೊಗಸಾಗಿ ಕಾಣುವುದು ‘ಲೋಯರ್ ಬೌಂಡ್’ ಎಂಬ ಕ್ರಿಯೆಯಲ್ಲಿ. ಕೇಳಿದ ಕೀಲಿ ಇಲ್ಲದಿದ್ದರೂ, ಇದ್ದಿದ್ದರೆ ಅದು ನಿಲ್ಲಬೇಕಾಗಿದ್ದ ಸ್ಥಾನವನ್ನು ಇದು ತೋರಿಸುತ್ತದೆ. ‘ಕವಿ’ ಎಂದು ಕೇಳಿ, ದೊರೆತ ಸ್ಥಾನದಿಂದ ಮುಂದೆ ನಡೆದರೆ ಕವಿತೆ, ಕವಿತ್ವ, ಕವಿಸಮಯ ಎಲ್ಲವೂ ಸಾಲಾಗಿ ಕೈಗೆ ಬರುತ್ತವೆ. ವಿಭಕ್ತಿಪ್ರತ್ಯಯಗಳು ಪದದ ಕೊನೆಗೆ ಅಂಟುವ ನಮ್ಮ ಭಾಷೆಗೆ ಇದಕ್ಕಿಂತ ಒಪ್ಪುವ ಶೋಧನಕ್ರಮವಿಲ್ಲ. ೨೦೧೧ರಲ್ಲಿ ಸೇರಿದ, ಕ್ರಮವಿಲ್ಲದ ಹ್ಯಾಷ್ ಕೋಶವು ಸಾಮಾನ್ಯವಾಗಿ ಹೆಚ್ಚು ವೇಗದ್ದಾದರೂ ಈ ನೆರೆಹೊರೆಯನ್ನು ತೋರಿಸಲಾರದು.

ಇಷ್ಟು ಗುಣಗಳುಳ್ಳ ಕೋಶದಲ್ಲಿ ಅತ್ಯಂತ ಸುಲಭವಾದ ಸಂಕೇತವೇ ಅತ್ಯಂತ ದೋಷಯುಕ್ತವಾದುದು ಎಂಬುದು ವಿಷಾದದ ಸಂಗತಿ. ಕೋಶದ ಹೆಸರಿನ ಮುಂದೆ ಚೌಕಾವರಣದಲ್ಲಿ ಕೀಲಿಯನ್ನು ಬರೆದರೆ ಅದರ ಮೌಲ್ಯ ಸಿಗುತ್ತದೆ ಎಂದು ನಾವು ಮೊದಲ ತರಗತಿಯಲ್ಲಿಯೇ ಕಲಿಸುತ್ತೇವೆ. ಕೀಲಿ ಇಲ್ಲದಿದ್ದರೆ ಆಗುವುದೇನೆಂಬುದನ್ನು ಮಾತ್ರ ಹೇಳಲು ಮರೆಯುತ್ತೇವೆ. ಆಗ ಕೋಶವು ‘ಇಲ್ಲ’ ಎನ್ನುವುದಿಲ್ಲ. ಆ ಕೀಲಿಯನ್ನು ಸದ್ದಿಲ್ಲದೆ ತನ್ನೊಳಗೆ ಸೇರಿಸಿ, ಸಂಖ್ಯೆಯಾದರೆ ಸೊನ್ನೆಯನ್ನೂ ವಾಕ್ಯವಾದರೆ ಬರಿದಾದ ವಾಕ್ಯವನ್ನೂ ಒಪ್ಪಿಸುತ್ತದೆ. ನಿಘಂಟಿನಲ್ಲಿಲ್ಲದ ಪದವನ್ನು ಓದುಗನು ಅರಸಿದ ಮಾತ್ರಕ್ಕೆ ಅದು ಅಲ್ಲಿ ಅರ್ಥವಿಲ್ಲದೆ ಅಚ್ಚಾಗಿಬಿಟ್ಟರೆ ಹೇಗೋ ಹಾಗೆ.

ಈ ಲೇಖಕನೂ ಒಮ್ಮೆ ಹೀಗೆ ಮೋಸಹೋದದ್ದುಂಟು. ಹಳಗನ್ನಡ ಕಾವ್ಯವೊಂದರ ಪದಸೂಚಿಯನ್ನು ಮ್ಯಾಪಿನಲ್ಲಿ ಸಿದ್ಧಪಡಿಸಿ, ಬೇರೊಂದು ಪದಪಟ್ಟಿಯ ಪ್ರತಿಯೊಂದು ಪದವೂ ಕಾವ್ಯದಲ್ಲಿದೆಯೇ ಎಂದು ಚೌಕಾವರಣದಿಂದಲೇ ಪರೀಕ್ಷಿಸಿದ್ದಾಯಿತು. ಅನಂತರ ಕಾವ್ಯದಲ್ಲಿನ ಭಿನ್ನಪದಗಳ ಸಂಖ್ಯೆಯನ್ನು ಕೇಳಿದಾಗ, ಕವಿಯು ಎಂದೂ ಬಳಸದ ಪದಗಳೂ ಅವನ ಶಬ್ದಸಂಪತ್ತಿಗೆ ಸೇರಿಹೋಗಿದ್ದವು. ಒಬ್ಬ ಕವಿಯ ಪದಭಂಡಾರವನ್ನು ಇನ್ನೊಬ್ಬನದರೊಡನೆ ಹೋಲಿಸಿ ಸಿದ್ಧಾಂತ ಕಟ್ಟುವವರಿಗೆ ಇಂಥ ಸಂಖ್ಯೆ ಎಷ್ಟು ಅನರ್ಥಕಾರಿಯೆಂದು ಬೇರೆ ಹೇಳಬೇಕಾಗಿಲ್ಲ. ಪ್ರೋಗ್ರಾಮು ನಿಲ್ಲಲಿಲ್ಲ, ಎಚ್ಚರಿಕೆಯ ಒಂದು ಮಾತೂ ಮೂಡಲಿಲ್ಲ.

ಚೌಕಾವರಣಕ್ಕೆ ಸಮರ್ಥನೆಯೇ ಇಲ್ಲವೆನ್ನಲಾಗದು. ಪದಗಳ ಆವೃತ್ತಿಯನ್ನು ಎಣಿಸುವಾಗ, ಹೊಸ ಪದವು ಸೊನ್ನೆಯಿಂದ ಹುಟ್ಟಿ ಒಂದಾಗುವುದು ಸೊಗಸೇ ಸರಿ. ಆದರೆ ಅದು ಬರೆಯುವ ಕಾರ್ಯ, ಕೇಳುವ ಕಾರ್ಯವಲ್ಲ. ಎರಡಕ್ಕೂ ಒಂದೇ ಸಂಕೇತವನ್ನು ಕೊಟ್ಟದ್ದು ರಚನಾಕಾರರ ಪ್ರಮಾದವೆಂದೇ ನನ್ನ ಅಭಿಪ್ರಾಯ. ಇದ್ದರೆ ಸ್ಥಾನವನ್ನೂ ಇಲ್ಲದಿದ್ದರೆ ಸಾಲಿನ ಅಂತ್ಯವನ್ನೂ ತೋರಿಸುವ ‘ಫೈಂಡ್’ ಮೊದಲಿನಿಂದಲೂ ಇತ್ತು. ಕೀಲಿ ಇಲ್ಲದಾಗ ಅಪವಾದವನ್ನು ಎಸೆಯುವ ‘ಅಟ್’ ೨೦೧೧ರಲ್ಲಿಯೂ, ಇದೆಯೇ ಇಲ್ಲವೇ ಎಂಬ ನೇರ ಪ್ರಶ್ನೆಗೆ ಉತ್ತರಿಸುವ ‘ಕಂಟೇನ್ಸ್’ ೨೦೨೦ರಲ್ಲಿಯೂ ಪ್ರಮಾಣಗ್ರಂಥಕ್ಕೆ ಬಂದವು. ಇಷ್ಟು ಸರಳವಾದ ಪ್ರಶ್ನೆಗೆ ಇಷ್ಟು ವರ್ಷ!

ಅಧ್ಯಾಪಕರು ಇಂದೇ ಮಾಡಬಹುದಾದ ಒಂದು ಕೆಲಸವುಂಟು. ಶೋಧಿಸುವ ಭಾಗಕ್ಕೆ ಕೋಶವನ್ನು ಒಪ್ಪಿಸುವಾಗ ಅದನ್ನು ‘ಕಾನ್ಸ್ಟ್’ ಎಂದು, ಅಂದರೆ ತಿದ್ದಲಾಗದ್ದೆಂದು, ಘೋಷಿಸುವುದನ್ನು ಮೊದಲ ಪಾಠದಲ್ಲಿಯೇ ರೂಢಿಮಾಡಿಸುವುದು. ಅಂಥ ಕೋಶದ ಮೇಲೆ ಚೌಕಾವರಣವನ್ನು ಬರೆದ ಕೂಡಲೆ ಕಂಪೈಲರು ನಿರಾಕರಿಸುತ್ತದೆ. ನಮ್ಮ ಪದಸೂಚಿಯನ್ನು ಹೀಗೆ ತಿದ್ದಿ ಮತ್ತೊಮ್ಮೆ ಎಣಿಸಿದಾಗ, ಕವಿಗೆ ಅವನ ಪದಗಳಷ್ಟೇ ಉಳಿದವು.