ಗಡ್ಡೆಯ ಹುಡುಗ ಮತ್ತು ಕಡಲ ದಂಡೆಯ ಡಾಕ್ಟರು

ಹಂಪಿಯ ದಂಡೆಯಿಂದ ತುಂಗಭದ್ರೆ ದಾಟಿದರೆ ವಿರೂಪಾಪುರಗಡ್ಡೆ. ಗೆಸ್ಟ್‌ಹೌಸುಗಳ ಕಾಲದಲ್ಲಿ ನಾವು ಅಲ್ಲಿ ಕಂಡ ಮುಖಗಳಲ್ಲಿ ಹೆಚ್ಚಿನವು ಇಪ್ಪತ್ತೆರಡು, ಇಪ್ಪತ್ಮೂರರ ಪ್ರಾಯದವು. ಇಸ್ರೇಲಿನಿಂದ ಬಂದವರೂ ಬಹಳ. ಅವರ ದೇಶದಲ್ಲಿ ಹದಿನೆಂಟಕ್ಕೆ ಕಡ್ಡಾಯ ಸೈನ್ಯಸೇವೆ. ಅದು ಮುಗಿದ ಮೇಲೆ ತಿಂಗಳುಗಟ್ಟಲೆ ದೂರದ ದೇಶಗಳನ್ನು ಸುತ್ತುವುದು ರೂಢಿ. ಯಾವ ಗಡಿಯಲ್ಲಿ ಬಂದೂಕು ಹಿಡಿದಿದ್ದರೋ ಎಂಬ ಪ್ರಶ್ನೆ ನಮ್ಮಂಥವರ ಮನಸ್ಸಿನಲ್ಲಿ ಸುಳಿಯದೆ ಇರಲಿಲ್ಲ. ಆದರೂ ಸಂಜೆ ಬಂಡೆಯ ಮೇಲೆ ಕುಳಿತು ನದಿ ನೋಡುವಾಗ ಏನೋ ಭಾರ ಇಳಿಸಲು ಬಂದವರಂತೆಯೇ ಕಾಣುತ್ತಿದ್ದರು. ಅವರ ಹಾಸಿಗೆ ಕೊಡವಿ ಚಹಾ ತಂದುಕೊಡುತ್ತಿದ್ದ ಗಂಗಾವತಿ ಕಡೆಯ ಹುಡುಗರಿಗೂ ಅದೇ ಪ್ರಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ 18ರಿಂದ 25ರ ಈ ವಯಸ್ಸಿಗೆ 'ಎಮರ್ಜಿಂಗ್ ಅಡಲ್ಟ್‌ಹುಡ್' ಎಂದು ಹೆಸರಿಟ್ಟರು. ಹುಡುಗತನ ಮುಗಿದಿದೆ, ಹಿರಿತನ ಇನ್ನೂ ಬಂದಿಲ್ಲ. ಮದುವೆ, ಸಂಸಾರ ತಡವಾಗಿ ಬರುವ ಸಮಾಜಗಳಲ್ಲಷ್ಟೇ ಈ ಹಂತ ಕಾಣುತ್ತದೆಂದು ಅವರೇ ಒಪ್ಪಿದ್ದಾರೆ. ಹತ್ತನೆಯ ತರಗತಿ ಬಿಟ್ಟು ಗೆಸ್ಟ್‌ಹೌಸ್ ಸೇರಿದವನಿಗೆ ಆ ನಡುವಿನ ಕಾಲವೇ ಸಿಗಲಿಲ್ಲ. ಅದರ ಕಳವಳ ಮಾತ್ರ ಸಿಕ್ಕಿತು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗಡ್ಡೆಯ ಕಟ್ಟಡಗಳು ಅಕ್ರಮವೆಂದಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು, ಬೆನ್ನಿಗೇ ಲಾಕ್‌ಡೌನ್. ಸ್ಮಾರಕ ಉಳಿಯಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಅಲ್ಲಿ ಕೆಲಸಕ್ಕಿದ್ದ, ನಮಗೆ ಪರಿಚಯದ ಹುಡುಗನೊಬ್ಬ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರತೊಡಗಿದ. ಅವನಿಗೆ ನಿದ್ದೆ ಹೋಯಿತು. ತಾಯಿ ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿದರು.

ಅವನು ಒಂದು ದಿನ ಮೊಬೈಲಿನಲ್ಲಿ 'ಡಿಯರ್ ಜಿಂದಗಿ' ನೋಡಿ ಬಂದ. ಗೌರಿ ಶಿಂದೆ ನಿರ್ದೇಶಿಸಿದ, 2016ರ ಚಿತ್ರ. ಕ್ಯಾಮರಾ ಕೆಲಸದ ಹುಡುಗಿ ಕೈರಾಳಿಗೂ ನಿದ್ದೆಯಿಲ್ಲ. ಮುಂಬೈನ ಮನೆ ಬಿಡಬೇಕಾಗಿ ಬಂದು ಗೋವಾಕ್ಕೆ, ಅಪ್ಪ-ಅಮ್ಮನ ಮನೆಗೆ ಬರುತ್ತಾಳೆ. ಅಲ್ಲಿ ಡಾಕ್ಟರ್ ಜಹಾಂಗೀರ್ ಖಾನ್ ಅವಳನ್ನು ಕಡಲ ದಂಡೆಯಲ್ಲಿ ನಡೆಸುತ್ತ, ಅಲೆಗಳೊಡನೆ ಕಬಡ್ಡಿ ಆಡಿಸುತ್ತ, ಅಪ್ಪ-ಅಮ್ಮ ಅಜ್ಜಿಯ ಮನೆಯಲ್ಲಿ ಬಿಟ್ಟುಹೋದ ಬಾಲ್ಯದ ಗಾಯದ ತನಕ ಕೊಂಡೊಯ್ಯುತ್ತಾರೆ. (ಭಯೋತ್ಪಾದಕನಾಗದ ಒಬ್ಬ ಖಾನ್ ತೆರೆಯ ಮೇಲೆ ಸಿಕ್ಕಿದ್ದು ನಮಗೆ ಬೇರೆಯೇ ಸಂತೋಷ.) ಕೊನೆಯ ಭೇಟಿಯಲ್ಲಿ ಅವಳ ಒಲವನ್ನು ಆತ ಮೆದುವಾಗಿ, ಆದರೆ ಗಟ್ಟಿಯಾಗಿ ಬದಿಗಿಡುತ್ತಾರೆ. ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' (1982) ನೋಡಿ ಬೆಳೆದ ನಮಗೆ ಇದು ದೊಡ್ಡ ಬದಲಾವಣೆ. ಅಲ್ಲಿ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸಿ ಡಾಕ್ಟರೇ ಹುಚ್ಚನಾಗುತ್ತಾನೆ. ಮನಸ್ಸಿನ ವೈದ್ಯನೆಂದರೆ ಅಂಜುವ ಕನ್ನಡದ ನೋಡುಗನಿಗೆ ಹಿಂದಿ ಚಿತ್ರ ಒಂದು ಉಪಕಾರ ಮಾಡಿದೆ.

ಆದರೆ ಹುಡುಗ ಕೇಳಿದ್ದು ಬೇರೆ: "ಚಾಚಾ, ಆಕಿ ಎಷ್ಟು ದಿನ ರಜಾ ಹಾಕಿದ್ಲು?"

ಚಿತ್ರದ ದೌರ್ಬಲ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶೆಯನ್ನು ನಾವು ಓದಿಲ್ಲ. ಡಾಕ್ಟರ ಫೀಸು, ಕಳೆದುಹೋಗುವ ದಿನಗೂಲಿ, ಮನೆಗೆ ಕಳಿಸಬೇಕಾದ ಹಣ ಯಾವುದೂ ಕೈರಾಳ ನೋವಿನೊಳಗೆ ಬರುವುದಿಲ್ಲ. ಅವಳ ಗಾಯ ಸುಳ್ಳಲ್ಲ. ಆದರೆ ಅದು ಮಾಯಲು ಬೇಕಾದ ಬಿಡುವನ್ನು ಚಿತ್ರ ಗೋವಾದ ಗಾಳಿಯಷ್ಟೇ ಸಹಜವೆಂದು ಭಾವಿಸಿದೆ. ಕತೆಗಾರರಾದ ನಮ್ಮ ತಪ್ಪೂ ಕಡಿಮೆಯದಲ್ಲ. ಗಡ್ಡೆಯ ಬಗ್ಗೆ ಬರೆದಾಗಲೆಲ್ಲ ಗಾಂಜಾ, ಗಿಟಾರು, ಬಿಳಿಯರು. ಚಹಾ ತಂದವನು ಚಹಾ ಇಟ್ಟು ಕತೆಯಿಂದ ಹೊರಗೆ ಹೋಗುತ್ತಿದ್ದ.

ಬಡವನ ಬಳಿಗೇ ಹೋಗುವ ಚಿಕಿತ್ಸೆ ಈ ನದಿಗೆ ಹೊಸದಲ್ಲ. ಹಂಪಿಯ ದಂಡೆ ಈಗ ವಿಜಯನಗರ ಜಿಲ್ಲೆ, ಆಗ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ಅಲ್ಲೇ ಔಷಧಿ ಕೊಡುವ ತರಬೇತಿ ಕೊಟ್ಟಿತು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಮುಂದೆ ರಾಜ್ಯದ ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ 'ಯುವ ಸ್ಪಂದನ' ಆರಂಭಿಸಿತು. ಯುವಕರ ಮಾತಿಗೆ ಕಿವಿಗೊಡಲು ತರಬೇತಾದ ಯುವಕರನ್ನೇ ಇಟ್ಟಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ: 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ, ರಜೆ ಹಾಕದೆ, ಕನ್ನಡದಲ್ಲೇ ಮಾತಾಡಬಹುದು.

ಆ ನಂಬರನ್ನು ಹುಡುಗನಿಗೆ ಕೊಟ್ಟೆವು. ತಾಯತ ಬಿಚ್ಚೆಂದು ಹೇಳಲಿಲ್ಲ. ಅವನು ನಂಬರು ಒತ್ತಿ, ಕರೆ ಹೋಗುವ ಮುಂಚೆಯೇ ನಿಲ್ಲಿಸಿದ.

"ಏನಂತ ಶುರು ಮಾಡ್ಲಿ ಚಾಚಾ?"

ಖಿನ್ನತೆ, ಆತಂಕ ಎಂಬ ಅಚ್ಚಿನ ಶಬ್ದಗಳೇ ನಮ್ಮ ಬಾಯಿಗೂ ಬಂದವು. ಅವನ ಮನೆಮಾತು ದಖನಿ. ನಿನಗೆ ಹೇಗಾಗುತ್ತದೋ ಹಾಗೇ ಹೇಳು ಎಂದೆವು. ಅವನು ನೆಲ ನೋಡುತ್ತ, "ದಿಲ್ ಘಬರಾತಾ" ಎಂದ, ಆಮೇಲೆ ಕನ್ನಡಕ್ಕೆ ಹೊರಳಿ, "ನಿದ್ದಿ ಹತ್ತವಲ್ದು, ಎದಿ ಮ್ಯಾಲ ಯಾರೋ ಚೀಲ ಇಟ್ಟಂಗ ಆಗ್ತೈತಿ" ಎಂದ.

ಅದನ್ನೇ ಹೇಳು ಎಂದು ನಾವು ಹೊರಗೆ ಬಂದು ಕುಳಿತೆವು.